ವಾಲ್ವ್ ಎಲ್ಲಿ ಮೇಸ್ತ್ರಿ?

ಎರಡು ತಿಂಗಳಿಂದ ನನ್ನ ಅಂಗಿ, ತಲೆಕೂದಲು, ಊಟದ ತಟ್ಟೆ ಎಲ್ಲ ಪೆಟ್ರೋಲ್ ವಾಸನೆ. ಹೆಂಡತಿ ನಮ್ಮ ಮಾರುತಿ ಜಿಪ್ಸಿ ಜೀಪ್ ಹತ್ತುವುದನ್ನೇ ಬಿಟ್ಟಿದ್ದಾಳೆ. ಲೀಟರಿಗೆ ಐದೂವರೆ ಕಿಲೋಮೀಟರ್! ಲೀಟರ್ ಬೆಲೆ ನೂರು ದಾಟಿರುವ ಕಾಲದಲ್ಲಿ!

ನನ್ನದು 1994ರ ಜಿಪ್ಸಿ. 970 ಸಿಸಿ, ಕಾರ್ಬೊರೇಟರ್, 45 ಎಚ್‌ಪಿ. ನಾಲ್ಕು ಮೂಟೆ ಗೊಬ್ಬರ ಹಾಕಿದರೆ ತೋಟದ ಏರಿನಲ್ಲಿ ಫಸ್ಟ್ ಗೇರೇ ಗತಿ. ಅದಕ್ಕೇ ಗುಜರಿಗೆ ಬಂದಿದ್ದ ಜಿಪ್ಸಿ ಕಿಂಗ್‌ನ 1.3 ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ತಂದು ಗ್ಯಾರೇಜ್ ಮೇಸ್ತ್ರಿ ಕೈಯಲ್ಲಿ ಹಾಕಿಸಿದೆ. ಇಸಿಎಂ ಅನ್ನುವ ಎಂಜಿನ್ ಕಂಪ್ಯೂಟರ್, ವೈರಿಂಗ್, ಟ್ಯಾಂಕಿನೊಳಗಿನ ಪಂಪ್ ಎಲ್ಲ ಒಂದೇ ಗಾಡಿಯದ್ದು. ಆರ್‌ಟಿಒಗೆ ಅಲೆದು ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರನ್ನೂ ಬರೆಸಿದೆ. ಎಳೆತ ಏನೋ ಜೋರಾಯಿತು. ಜೊತೆಗೆ ಸೈಲೆನ್ಸರಿಂದ ಕಪ್ಪು ಹೊಗೆ. ಪ್ಲಗ್ ಬಿಚ್ಚಿದರೆ ಒಲೆಯೊಳಗಿಂದ ತೆಗೆದ ಹಾಗೆ ಮಸಿ.

"ಸೆಟ್ ಆಗ್ಲಿ ಬಿಡಿ ಸಾರ್, ಸಾವಿರ ಕಿಲೋಮೀಟರ್ ಓಡ್ಲಿ" ಅಂದ ಮೇಸ್ತ್ರಿ. ಓಡಿಸಿದೆ. ಆಮೇಲೆ ಪೆಟ್ರೋಲ್ ಸರಿಯಿಲ್ಲ ಅಂದ. ಬಂಕ್ ಬದಲಾಯಿಸಿದೆ. ಹೊಸ ಪ್ಲಗ್ ಹಾಕಿದ, ಇಂಜೆಕ್ಟರ್ ಕ್ಲೀನ್ ಮಾಡಿಸಿದ, ಪೆಟ್ರೋಲ್ ಹೆಚ್ಚಾಯಿತೇ ಅಂತ ಹೊಗೆ ನೋಡಿ ಇಸಿಎಂಗೆ ಹೇಳುವ ಆಕ್ಸಿಜನ್ ಸೆನ್ಸರ್ ಅಂತ ನಾಲ್ಕು ಸಾವಿರ ಕಿತ್ತ. ಮಸಿ ಅಷ್ಟೇ, ಹೊಗೆ ಅಷ್ಟೇ. ಕೊನೆಗೆ ಇಸಿಎಂ ಹೋಗಿದೆ, ಬೇರೆ ತರಿಸೋಣ ಅಂದ. ಅಲ್ಲ ಮಾರಾಯ, ಒಂದು ಸಲವಾದರೂ ಮೀಟರ್ ಹಿಡಿದು ನೋಡಿದೆಯಾ?

ಅವತ್ತು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಸುಮ್ನೆ ಡ್ಯಾಶ್‌ಬೋರ್ಡ್ ನೋಡಿದೆ. ಟೆಂಪರೇಚರ್ ಮುಳ್ಳು ತಳ ಬಿಟ್ಟು ಮೇಲೆದ್ದೇ ಇಲ್ಲ. ಕೆಳಗೆ ಗಾಡಿ ನಿಲ್ಲಿಸಿ, ಎಂಜಿನ್ ನೀರಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರಿನ ವೈರ್ ಕಿತ್ತು ಮಲ್ಟಿಮೀಟರ್ ಇಟ್ಟೆ. ಬಿಸಿ ಎಂಜಿನ್‌ನಲ್ಲಿ ಮುನ್ನೂರು ಓಮ್ ಆಸುಪಾಸು ಇರಬೇಕು. ಎಂಟುನೂರು ತೋರಿಸಿತು, ಅಂದರೆ ನೀರು ಸರಿಯಾಗಿ ಕಾದೇ ಇಲ್ಲ ಅಂತ. ಮೊದಲು ಸೆನ್ಸರೇ ಹೋಗಿದೆ ಅಂದುಕೊಂಡೆ. ರೇಡಿಯೇಟರ್‌ನ ಮೇಲಿನ ಪೈಪ್ ಹಿಡಿದರೆ ಸ್ನಾನದ ನೀರಿನಷ್ಟು ಬಿಸಿ, ಅಷ್ಟೇ. ಸೆನ್ಸರ್ ನಿಜವನ್ನೇ ಹೇಳುತ್ತಿತ್ತು.

ಮನೆಗೆ ಬಂದು ಥರ್ಮೋಸ್ಟಾಟ್ ಮುಚ್ಚಳ ಬಿಚ್ಚಿದೆ. ಒಳಗೆ ಖಾಲಿ! ವಾಲ್ವೇ ಇಲ್ಲ!

ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದೇ ಆ ವಾಲ್ವಿನ ಕೆಲಸ. ಅದಿಲ್ಲದಿದ್ದರೆ ನಮ್ಮ ಮಲೆನಾಡಿನ ಥಂಡಿಗೆ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಇಸಿಎಂ ಪಾಪ, ಈಗ ತಾನೇ ಸ್ಟಾರ್ಟ್ ಆಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಆಕ್ಸಿಜನ್ ಸೆನ್ಸರ್ ಏನು ಹೇಳಿದರೂ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾಲ್ಕು ಸಾವಿರ ನೀರಿಗೆ ಬಿತ್ತು ಅಂತ ಗೊತ್ತಾಗಿದ್ದು ಆಗ. ಹಳೇ ಗಾಡಿಯಲ್ಲಿ ಎರಡು ತಿಂಗಳು ಚೋಕ್ ಎಳೆದಿಟ್ಟುಕೊಂಡೇ ಓಡಾಡಿದ ಹಾಗೆ ಇದು. ಡಿಪ್‌ಸ್ಟಿಕ್ ಮೂಸಿದರೆ ಎಂಜಿನ್ ಆಯಿಲ್‌ಗೂ ಪೆಟ್ರೋಲ್ ಇಳಿದಿದೆ. ಹೊಸದಾಗಿ ಹಾಕಿಸಿದ್ದ ಆಯಿಲನ್ನೂ ಚೆಲ್ಲಬೇಕು. ಅದರ ದುಡ್ಡು ಯಾರಪ್ಪ ಕೊಡ್ತಾನೆ?

ಐನೂರು ರೂಪಾಯಿಯೊಳಗೆ ಹೊಸ ವಾಲ್ವ್ ಸಿಕ್ಕಿತು. ನಾನೇ ಹಾಕಿದೆ. ಹತ್ತು ನಿಮಿಷಕ್ಕೆ ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಹೊಗೆ ಮಾಯ.

ಮರುದಿನ ಗ್ಯಾರೇಜಿಗೆ ಹೋಗಿ ಕೇಳಿದೆ, ವಾಲ್ವ್ ಎಲ್ಲಿ ಮೇಸ್ತ್ರಿ? ಒಂಚೂರೂ ಮುಜುಗರ ಇಲ್ಲ ಆಸಾಮಿಗೆ. "ಅದಿದ್ರೆ ಗಾಡಿ ಹೀಟ್ ಆಗುತ್ತೆ ಸಾರ್. ನಾವು ಎಲ್ಲಾ ಗಾಡಿದೂ ತೆಗೀತೀವಿ" ಅಂದ. ಬೆಂಚಿನ ಕೆಳಗಿಂದ ಒಂದು ಹಳೇ ಪೇಂಟ್ ಡಬ್ಬ ಎಳೆದ. ನಟ್ಟು ಬೋಲ್ಟಿನ ನಡುವೆ ಏಳೆಂಟು ಥರ್ಮೋಸ್ಟಾಟ್.

"ನಿಮ್ದು ಯಾವ್ದು ನೋಡಿ ಸಾರ್, ಆರಿಸ್ಕೊಳ್ಳಿ."