ಶನಿವಾರ ಹತ್ತು ಗಂಟೆಗೆ ಪೋಷಕರ ಸಭೆ

ಕೊಡೆ ಹಿಡಿದರೂ ಒಂದೇ, ಬಿಟ್ಟರೂ ಒಂದೇ ಎನ್ನುವಂಥ ಮಳೆ ಉಡುಪಿಯಲ್ಲಿ ಹಿಡಿದುಕೊಂಡಿರುವ ಜೂನ್ ತಿಂಗಳಲ್ಲಿ, ಶಾಲೆ ತೆರೆದು ಹದಿನೈದು ದಿನಗಳಾಗುತ್ತಿದ್ದಂತೆ, ತರಗತಿಯ ವಾಟ್ಸಾಪ್ ಗುಂಪಿಗೆ ಆ ಸಂದೇಶ ಬರುತ್ತದೆ: ಬರುವ ಶನಿವಾರ ಬೆಳಿಗ್ಗೆ 10 ಗಂಟೆಗೆ ಪೋಷಕರ ಸಭೆ, ಹಾಜರಾತಿ ಕಡ್ಡಾಯ. ಕೂಡಲೇ ಅದರ ಕೆಳಗೆ ಮುಗಿದ ಕೈಗಳು ಮತ್ತು ಎತ್ತಿದ ಹೆಬ್ಬೆರಳುಗಳು ಸಾಲುಗಟ್ಟುತ್ತವೆ. ಎಲ್ಲರೂ ಬರುತ್ತಾರೆಂದು ಟೀಚರ್ ನಂಬಿಬಿಡಬೇಕು, ಹಾಗಿರುತ್ತದೆ ಆ ಸಾಲು. ಅದಾದ ಮೇಲೆ ಗುಂಪಿನ ಹೊರಗೆ ಫೋನುಗಳು ಶುರುವಾಗುತ್ತವೆ. "ನೀವು ಹೋಗ್ತೀರಾ ಮಾರಾಯ್ರೆ? ಹೋದರೆ ಎಂತ ಹೇಳಿದರು ಅಂತ ನನಗೊಂದು ಹೇಳಿ, ಆಯ್ತಾ?"

ಈ ಕಡ್ಡಾಯಕ್ಕೆ ಕಾನೂನಿನ ಬಲವೇನೂ ಇಲ್ಲ ಎಂಬುದು ಹೋಗದಿರುವವರಿಗೆ ಸಮಾಧಾನ ತರಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ತನ್ನ 24ನೆಯ ಸೆಕ್ಷನ್ನಿನಲ್ಲಿ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ಪೋಷಕರ ಸಭೆಯನ್ನು ನಿಯತವಾಗಿ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿತ ಪ್ರಮಾಣ ಇವುಗಳನ್ನು ತಿಳಿಸಬೇಕು ಎನ್ನುತ್ತದೆ. ಪೋಷಕರಿಗೆ ಅದು ಹೇಳುವುದು 10ನೆಯ ಸೆಕ್ಷನ್ನಿನಲ್ಲಿ, ಮಗುವನ್ನು ಶಾಲೆಗೆ ಸೇರಿಸಬೇಕು ಎಂದಷ್ಟೇ. ಹೀಗಾಗಿ ಟೀಚರ್ ಕರೆಯದಿದ್ದರೆ ತಪ್ಪು, ನಾವು ಹೋಗದಿದ್ದರೆ ತಪ್ಪಲ್ಲ. ಆದರೆ ಇದೇ ಕಾಯ್ದೆ ಶಾಲಾ ಸಮಿತಿಯಲ್ಲಿ, ಅಂದರೆ ನಾವು ಎಸ್‌ಡಿಎಂಸಿ ಎಂದು ಕರೆಯುವ ಸಮಿತಿಯಲ್ಲಿ, ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದೂ ಹೇಳಿದೆ. ಕಾಯ್ದೆ ಬರೆದವರು ಪೋಷಕರ ಮೇಲೆ ಇಷ್ಟೊಂದು ಭರವಸೆ ಇಟ್ಟಾಗ ಶನಿವಾರದ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಕ್ಕಿಲ್ಲ.

ಹೋಗದಿರುವವರ ಕಾರಣಗಳನ್ನು ಹಗುರವಾಗಿ ಕಾಣುವವಳು ನಾನಲ್ಲ. ನಾನು ಹೋಗುವವಳೇ ಆದರೂ, ಎಷ್ಟೋ ಸಭೆಗಳಿಂದ ಎದ್ದು ಬರುವಾಗ ಇದಕ್ಕಾಗಿ ಅರ್ಧ ದಿನದ ರಜೆ ಹಾಕಬೇಕಿತ್ತೇ ಅನ್ನಿಸಿದ್ದುಂಟು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಬೆಳಗಿಸಿದ ದೀಪವನ್ನು ಗಾಳಿ ಆರಿಸುವುದು, ಮತ್ತೆ ಬೆಳಗುವುದು, ಆಮೇಲೆ "ಆತ್ಮೀಯ ಪೋಷಕ ಬಂಧುಗಳೇ" ಎಂದು ಆರಂಭವಾಗುವ ಅಧ್ಯಕ್ಷರ ಮಾತು. ಮಕ್ಕಳಿಗೆ ಮೊಬೈಲ್ ಕೊಡಬೇಡಿ ಎಂದು ಅವರು ಹೇಳುವಾಗ ಸಭೆಯ ಅರ್ಧದಷ್ಟು ತಲೆಗಳು ಮೊಬೈಲಿನ ಮೇಲೆ ಬಾಗಿರುತ್ತವೆ. ಶೂ ಕಪ್ಪಗಿರಬೇಕು, ಜಡೆಗೆ ರಿಬ್ಬನ್ ಬೇಕು, ವ್ಯಾನಿನ ಬಾಡಿಗೆ ವಿಚಾರ ಶಾಲೆಗೆ ಸಂಬಂಧಿಸಿದ್ದಲ್ಲ ಎಂಬ ಸೂಚನೆಗಳನ್ನೆಲ್ಲ ಅದೇ ವಾಟ್ಸಾಪಿನಲ್ಲಿ ಹಾಕಬಹುದಿತ್ತು. ಕೆಲವು ಶಾಲೆಗಳಲ್ಲಿ ಇದಿಷ್ಟೂ ಇಂಗ್ಲಿಷಿನಲ್ಲಿ ನಡೆಯುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ, ಪೇಟೆಯಲ್ಲಿ ಕನ್ನಡ ಮಾತಾಡುವ ತಾಯಂದಿರು ಒಂದೂವರೆ ಗಂಟೆ ಅದನ್ನು ಕೇಳಿ, ಕೊನೆಯಲ್ಲಿ ಪುಸ್ತಕಕ್ಕೆ ಸಹಿ ಹಾಕಿ, ಚಹಾ ಮತ್ತು ಗೋಳಿಬಜೆ ಮುಗಿಸಿ ಹೊರಡುತ್ತಾರೆ. ಬೀಡಿ ಕಟ್ಟುವ ಹೆಂಗಸಿಗೆ ಆ ಒಂದೂವರೆ ಗಂಟೆಯಲ್ಲಿ ಎಷ್ಟು ಬೀಡಿ ಕಡಿಮೆಯಾಯಿತು ಎಂಬುದು ಸಂಜೆ ಕಟ್ಟಿದ ಬೀಡಿ ಒಪ್ಪಿಸಲು ಬ್ರಾಂಚಿಗೆ ಹೋದಾಗ ಸ್ಪಷ್ಟವಾಗಿ ತಿಳಿಯುತ್ತದೆ. ಅಷ್ಟೇ ಸ್ಪಷ್ಟವಾಗಿ ಸಭೆಯಲ್ಲಿ ಸಿಕ್ಕಿದ್ದು ಏನೆಂದು ತಿಳಿಯುವುದಿಲ್ಲ.

ಹಾಗಿದ್ದರೂ ಹೋಗಬೇಕು ಎನ್ನುತ್ತೇನೆ. ಭಾಷಣಕ್ಕಾಗಿ ಅಲ್ಲ, ಭಾಷಣ ಮುಗಿದ ಮೇಲೆ ತರಗತಿಯ ಕೋಣೆಯಲ್ಲಿ ಟೀಚರಿನ ಮೇಜಿನೆದುರು ಸಿಗುವ ಮೂರು ನಿಮಿಷಕ್ಕಾಗಿ. ಅದರಲ್ಲೂ ವರ್ಷಕ್ಕೆ ಒಂದೇ ಸಭೆಗೆ ಹೋಗಲು ಸಾಧ್ಯವೆಂದಾದರೆ, ಅಂಕಪಟ್ಟಿ ಕೊಡುವ ದಿನದ ಸಭೆಯನ್ನು ಬಿಟ್ಟು ಜೂನ್ ತಿಂಗಳ ಈ ಮೊದಲ ಸಭೆಗೇ ಹೋಗಬೇಕು.

ನಮ್ಮ ಹಿರಿಯರು ಇಂಥ ಸಭೆಗಳನ್ನು ಕಂಡವರಲ್ಲ. ಅವರು ಮಕ್ಕಳ ಬಗ್ಗೆ ಉದಾಸೀನರಾಗಿದ್ದರು ಎಂದು ಇದರರ್ಥವಲ್ಲ. ಅವರಿಗೆ ಸಭೆ ಬೇಕಾಗಿರಲಿಲ್ಲ. ಶಾಲೆಯ ಮಾಸ್ಟ್ರು ಊರಿನಲ್ಲೇ, ಹೆಚ್ಚೆಂದರೆ ಗದ್ದೆಯ ಆಚೆ ಬದಿಯಲ್ಲಿ ಇರುತ್ತಿದ್ದರು. ಮೀನಿನ ಮಾರ್ಕೆಟ್ಟಿನಲ್ಲಿ, ಸೊಸೈಟಿಯ ಸಾಲಿನಲ್ಲಿ, ಕೋಲದ ರಾತ್ರಿ, ಮದುವೆಯ ಊಟದ ಪಂಕ್ತಿಯಲ್ಲಿ ಎಲ್ಲೆಂದರಲ್ಲಿ ಅಪ್ಪನಿಗೆ ಸಿಗುತ್ತಿದ್ದರು, ಸಿಕ್ಕಿದಲ್ಲೇ ಮಗನ ಕತೆಯನ್ನು ಹೇಳಿ ಮುಗಿಸುತ್ತಿದ್ದರು. ಅಪ್ಪಂದಿರು "ಕಣ್ಣೊಂದು ಬಿಟ್ಟು ಬೇರೆಲ್ಲಿ ಬೇಕಾದರೂ ಹೊಡೆಯಿರಿ ಮಾಸ್ಟ್ರೇ" ಎಂದು ಹೇಳುತ್ತಿದ್ದುದು ಇಂಥ ಜಾಗಗಳಲ್ಲೇ. (ಆ ಮಾತನ್ನು ಇಂದು ಯಾರಾದರೂ ಹೇಳಿ, ಅದರಂತೆ ಹೊಡೆದರೆ, ಹೊಡೆಯುವುದನ್ನು ನಿಷೇಧಿಸುವ ಅದೇ ಕಾಯ್ದೆಯ 17ನೆಯ ಸೆಕ್ಷನ್ನಿನ ಪ್ರಕಾರ ಪೇಚಿಗೆ ಸಿಲುಕುವವರು ಟೀಚರು.) ಈಗ ಹಿರಿಯಡಕದ ಮಗು ಉಡುಪಿಗೆ ಬರುತ್ತದೆ, ಉಡುಪಿಯ ಮಗು ಮಣಿಪಾಲಕ್ಕೆ ಹೋಗುತ್ತದೆ, ಸುರತ್ಕಲ್ಲಿನ ಮಗು ಮಂಗಳೂರಿಗೆ ವ್ಯಾನು ಹತ್ತುತ್ತದೆ. ಟೀಚರು ಇನ್ನೊಂದು ದಿಕ್ಕಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಸರಕಾರಿ ಶಾಲೆಯಾದರೆ ಅವರು ವಿಜಯಪುರದ ಕಡೆಯಿಂದ ನೇಮಕವಾಗಿ ಬಂದು, ಇಲ್ಲಿಯ ಮಳೆಗೂ ತುಳುವಿಗೂ ಒಟ್ಟಿಗೇ ಒಗ್ಗಿಕೊಳ್ಳುತ್ತಿರುವವರೂ ಆಗಿರಬಹುದು. ದಿನಕ್ಕೆ ಆರೇಳು ಗಂಟೆ ಒಂದೇ ಮಗುವನ್ನು ಸರದಿಯಲ್ಲಿ ನೋಡಿಕೊಳ್ಳುವ ಇಬ್ಬರು ದೊಡ್ಡವರು ಬೀದಿಯಲ್ಲಿ ಎದುರಾದರೆ ಒಬ್ಬರಿಗೊಬ್ಬರ ಗುರುತು ಹತ್ತುವುದಿಲ್ಲ.

ಮೊದಲ ಸಭೆಯೇ ಯಾಕೆ ಎಂದರೆ, ಆಗ ಅಂಕಗಳು ಹುಟ್ಟಿರುವುದಿಲ್ಲ. ಅಂಕಗಳ ವಿಷಯದಲ್ಲಿ ನಮ್ಮ ಎರಡು ಜಿಲ್ಲೆಗಳ ಸ್ವಭಾವ ಎಲ್ಲರಿಗೂ ಗೊತ್ತಿರುವುದೇ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು ಬಂದಿತು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅವರು ಮೊದಲು, ನಾವು ಎರಡನೆಯವರು. ಹೀಗೆ ನಾವು ನಾವೇ ಹಂಚಿಕೊಂಡು ಕುಳಿತಿರುವಲ್ಲಿ ಏಳನೆಯ ತರಗತಿಯ ರೂಪಣಾತ್ಮಕ ಪರೀಕ್ಷೆಯ ಒಂದು ಅಂಕಕ್ಕೂ ಬೆಲೆ ಏರುತ್ತದೆ. ಅಂಕಪಟ್ಟಿ ಮೇಜಿನ ಮೇಲೆ ಬಂದ ಕೂಡಲೇ ಮಾತು ಅದರ ಸುತ್ತಲೇ ತಿರುಗುತ್ತದೆ: ಇಲ್ಲಿ ಎರಡು ಹೋಯಿತು, ಅಲ್ಲಿ ಮೂರು ಹೋಯಿತು, ಪಕ್ಕದ ಮನೆಯವಳಿಗೆ ಎಷ್ಟು ಬಂತು. ಇಪ್ಪತ್ತೈದಕ್ಕೆ ಇಪ್ಪತ್ತಮೂರು ತಂದ ಮಗಳ ತಾಯಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಆ ದಿನ ಟೀಚರು ಲೆಕ್ಕ ಒಪ್ಪಿಸುವವರಾಗಿಯೂ ನಾವು ಲೆಕ್ಕ ತಪಾಸಣೆಗೆ ಬಂದವರಾಗಿಯೂ ಕುಳಿತಿರುತ್ತೇವೆ, ಮಗುವಿನ ವಿಷಯ ಬರುವುದೇ ಇಲ್ಲ.

ನ್ಯೂಜೆರ್ಸಿಯಲ್ಲಿರುವ ನನ್ನ ನಾದಿನಿ ಅಲ್ಲಿಯ ಕ್ರಮವನ್ನು ಹೇಳಿದ್ದಳು. ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ಕೆಲವೇ ವಾರಗಳಲ್ಲಿ ಒಂದು ಸಂಜೆ, ಕೆಲಸ ಮುಗಿಸಿ ಬರುವವರಿಗೂ ಆಗುವಂತೆ, ಪೋಷಕರನ್ನು ಮಾತ್ರ ಕರೆಯುತ್ತಾರಂತೆ. ಅದಕ್ಕೆ ಬ್ಯಾಕ್ ಟು ಸ್ಕೂಲ್ ನೈಟ್ ಎಂದು ಹೆಸರು. ದೊಡ್ಡ ತರಗತಿಗಳಲ್ಲಾದರೆ ಮಗುವಿನ ವೇಳಾಪಟ್ಟಿಯನ್ನು ಕೈಯಲ್ಲಿ ಹಿಡಿದು, ಗಂಟೆ ಹೊಡೆದಂತೆಲ್ಲ ಗಣಿತದ ಕೋಣೆಯಿಂದ ವಿಜ್ಞಾನದ ಕೋಣೆಗೆ, ಅಲ್ಲಿಂದ ಮತ್ತೊಂದಕ್ಕೆ ಪೋಷಕರೇ ಓಡಬೇಕು. ಒಂದೊಂದು ಪೀರಿಯಡ್ ಹತ್ತು ನಿಮಿಷದ ಆಸುಪಾಸು. ಪ್ರತಿ ಟೀಚರೂ ಈ ವರ್ಷ ಏನು ಕಲಿಸುತ್ತೇನೆ, ಹೇಗೆ ಕಲಿಸುತ್ತೇನೆ ಎಂದು ಹೇಳುತ್ತಾರೆ. ನನ್ನ ಮಗ ಹೇಗೆ ಎಂದು ಆ ಸಂಜೆ ಕೇಳುವುದು ಸರಿಯಲ್ಲ, ಅದಕ್ಕೆ ಮುಂದೆ ಬೇರೆ ಭೇಟಿಯನ್ನು ಗೊತ್ತುಮಾಡುತ್ತಾರೆ. ನಾದಿನಿ ದಾರಿ ತಪ್ಪಿ ಚರಿತ್ರೆಯ ಬದಲು ಅಡುಗೆಯ ತರಗತಿಯಲ್ಲಿ ಕುಳಿತು ಬಂದಳಂತೆ, ಅದು ಹೆಚ್ಚು ಉಪಯೋಗವಾಯಿತು ಎಂದಳು. ನಮ್ಮಲ್ಲಿಯ ದೀಪ ಬೆಳಗುವ ಹೊತ್ತನ್ನು ಹೀಗೆ ಓಡಾಡಲು ಕೊಟ್ಟರೆ ಒಳ್ಳೆಯದೇ. ಆದರೆ ನಮ್ಮ ಮೂರು ನಿಮಿಷವನ್ನು ಬಿಟ್ಟುಕೊಟ್ಟು ಅದನ್ನು ತೆಗೆದುಕೊಳ್ಳಲು ನಾನು ಸಿದ್ಧಳಿಲ್ಲ.

ಜೂನ್ ಸಭೆಯ ಪರವಾಗಿ ಕರಾವಳಿಗೇ ಸೇರಿದ ಇನ್ನೊಂದು ಕಾರಣವಿದೆ. ನಮ್ಮ ಸಭೆಗಳಲ್ಲಿ ಅಪ್ಪಂದಿರು ಅಪರೂಪ. ಒಬ್ಬರು ದುಬೈಯಲ್ಲಿ, ಒಬ್ಬರು ಮುಂಬೈಯ ಹೋಟೆಲಿನಲ್ಲಿ, ಊರಿನಲ್ಲೇ ಇರುವವರು ಗೇಟಿನಾಚೆ ಸ್ಕೂಟರಿನ ಮೇಲೆ ರೈನ್‌ಕೋಟು ಹಾಕಿಕೊಂಡು ಕುಳಿತಿರುತ್ತಾರೆ. ಆದರೆ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ; ಆಳಸಮುದ್ರಕ್ಕೆ ಹೋದರೆ ದಿನಗಟ್ಟಲೆ ಮನೆಯ ಮುಖ ಕಾಣದ ಮಲ್ಪೆಯ ಅಪ್ಪಂದಿರು ಆಗ ಮನೆಯಲ್ಲಿರುತ್ತಾರೆ. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳದವರು ದೀಪಾವಳಿಯವರೆಗೆ ರಾತ್ರಿ ಮಲಗಿ ಬೆಳಿಗ್ಗೆ ಏಳುವ ಮನುಷ್ಯರಾಗಿರುತ್ತಾರೆ. ಇವರನ್ನು ಶಾಲೆಗೆ ಕರೆಯಬೇಕಾದರೆ ಇದೇ ಹೊತ್ತು. ಡಿಸೆಂಬರಿನಲ್ಲಿ ಕಡ್ಡಾಯ ಎಂದರೆ ಯಾರು ಬಂದಾರು?

ಕಳೆದ ಮಳೆಗಾಲದ ಸಭೆಯಲ್ಲಿ ಸಾಲಿನಲ್ಲಿ ನನ್ನ ಮುಂದೆ ಇದ್ದವರು ಬೋಟಿಗೆ ಹೋಗುವ ಅಂಥ ಒಬ್ಬ ಅಪ್ಪ. ಬಾಗಿಲ ಬಳಿ ಬಕೆಟ್ಟಿನಲ್ಲಿ ಕೊಡೆಗಳು ನೀರು ಇಳಿಸುತ್ತಿದ್ದವು. ನಾವು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಡೆಸ್ಕಿಗೆ ತಾಗದಂತೆ ಓರೆಯಾಗಿ ಕುಳಿತಿದ್ದೆವು. ನನ್ನ ಎದುರಿನ ಡೆಸ್ಕಿನಲ್ಲಿ ಯಾರೋ ಕೈವಾರದ ಮೊನೆಯಿಂದ ಆರ್‌ಸಿಬಿ ಎಂದು ಆಳವಾಗಿ ಕೆತ್ತಿದ್ದರು. ಆ ಅಪ್ಪನ ಸರದಿ ಬಂದಾಗ ಟೀಚರು, ಹುಡುಗ ಜೋರಿದ್ದಾನೆ, ಆದರೆ ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ನಿದ್ದೆ ತೂಗುತ್ತಾನೆ, ರಾತ್ರಿ ಟಿವಿ ಜಾಸ್ತಿಯೋ ಎಂದು ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ಟಿವಿ ಅಲ್ಲ ಟೀಚರ್. ಬೋಟು ನಿಂತರೂ ಅವನಮ್ಮ ಮೀನಿಗೆ ಹೋಗುವುದು ನಿಲ್ಲಲಿಲ್ಲ. ಅವಳು ಬೆಳಿಗ್ಗೆ ನಾಲ್ಕೂವರೆಗೆ ಹೊರಡುವಾಗ ಇವನೂ ಏಳ್ತಾನೆ, ಸಣ್ಣವಳನ್ನು ನೋಡಿಕೊಳ್ಳುವುದು ಇವನೇ. ಈಗ ನಾನಿದ್ದೇನೆ, ಮಲಗು ಅಂದರೂ ಅಭ್ಯಾಸ ಹೋಗಲಿಲ್ಲ" ಎಂದರು. ಬರೆಯಲೆಂದು ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದ ಟೀಚರು ಅದನ್ನು ಬರೆಯದೆಯೇ ಮುಚ್ಚಿದರು. ಆ ಹುಡುಗನ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಯಾವ ಅಂಕಪಟ್ಟಿಯಲ್ಲೂ ಇರಲಾರದು, ಮತ್ತು ಅದು ಫೋನಿನಲ್ಲಿ ಹೊರಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಸಭೆಗೆ ಹೋಗುವುದು ಕೇಳಿಸಿಕೊಳ್ಳಲು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಜೂನ್ ತಿಂಗಳಲ್ಲಿ ಕೇಳುವುದಕ್ಕೆ ಏನಿರುತ್ತದೆ? ನಲವತ್ತೈದು ಮಕ್ಕಳಿರುವ ತರಗತಿಯಲ್ಲಿ ಟೀಚರಿಗೆ ಹೆಸರುಗಳೇ ಇನ್ನೂ ಗಟ್ಟಿಯಾಗಿರುವುದಿಲ್ಲ. ಮಗಳು ಹೇಗಿದ್ದಾಳೆ ಎಂದು ಕೇಳಿದರೆ "ಪಾಪದವಳು" ಎಂದೋ "ಸ್ವಲ್ಪ ಮಾತು ಜಾಸ್ತಿ" ಎಂದೋ ಹೇಳಿ ಪಾರಾಗುತ್ತಾರೆ. ಹೇಳಬೇಕಾದವರು ನಾವು. ಕನ್ನಡಕ ಹಾಕಲು ನಾಚಿಕೆಪಟ್ಟು ಚೀಲದಲ್ಲೇ ಇಟ್ಟುಕೊಳ್ಳುತ್ತಾನೆ, ಅಜ್ಜಿ ತೀರಿಕೊಂಡ ಮೇಲೆ ಮಾತು ಕಡಿಮೆಯಾಗಿದೆ, ಗುಡುಗಿಗೆ ಹೆದರುತ್ತಾಳೆ. ಕೊನೆಯದು ಈ ಊರಿನ ಜೂನ್ ತಿಂಗಳಲ್ಲಿ ಸಣ್ಣ ವಿಷಯವಲ್ಲ. ಒಂದು ಮಗುವಿಗೆ ಮೂರು ನಿಮಿಷ ಎಂದರೂ ನಲವತ್ತೈದು ಮಕ್ಕಳಿಗೆ ಎರಡು ಗಂಟೆ ದಾಟುತ್ತದೆ, ಆದ್ದರಿಂದ ಒಂದೇ ಸಂಗತಿಯನ್ನು ಆರಿಸಿಕೊಂಡು ಹೋಗಬೇಕು. ಸ್ವಂತ ಶಾಲಾ ದಿನಗಳನ್ನು ವರ್ಣಿಸುವ ತಂದೆಯೊಬ್ಬರು ಪ್ರತಿ ತರಗತಿಗೂ ಇರುತ್ತಾರೆ. ಅವರ ಹಿಂದೆ ಸಾಲು ನಿಲ್ಲದಂತೆ ನೋಡಿಕೊಳ್ಳುವುದು ಜಾಣತನ.

ಓದು ಬಾರದ ನಾನು ಹೋಗಿ ಎಂತ ಮಾಡುವುದು ಎಂದು ಹಿಂಜರಿಯುವವರೂ ಇದ್ದಾರೆ. ಅವರಿಗೆ ನಾನು ಹರೇಕಳ ಹಾಜಬ್ಬರ ಹೆಸರು ಹೇಳುತ್ತೇನೆ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ, ಶಾಲೆಯ ಮೆಟ್ಟಿಲು ಹತ್ತದ ಅವರು, ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟದಿಂದ ಹೊರಟು, ತನ್ನ ಊರು ನ್ಯೂಪಡ್ಪುವಿಗೆ ಶಾಲೆಯನ್ನೇ ತಂದರು; 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅಕ್ಷರ ಬಾರದೆ ಶಾಲೆ ಕಟ್ಟಬಹುದಾದರೆ, ಅಕ್ಷರ ಬಾರದೆ ಶಾಲೆಯ ಬೆಂಚಿನಲ್ಲಿ ಅರ್ಧ ಗಂಟೆ ಕೂರಲೂಬಹುದು. ಆದರೆ ಓದು ಬಾರದವರನ್ನು ಕೂರಿಸಿ ಅರ್ಥವಾಗದ ಭಾಷೆಯಲ್ಲಿ ಭಾಷಣ ಮಾಡುವ ಶಾಲೆಯವರು ಆಮೇಲೆ ಪೋಷಕರಿಗೆ ಆಸಕ್ತಿ ಇಲ್ಲ ಎಂದು ದೂರುವುದು ನ್ಯಾಯವಲ್ಲ. ಹಾಗೆಯೇ ಹಿಂದುಳಿದ ಮಕ್ಕಳ ಹೆಸರನ್ನು ಎಲ್ಲರೆದುರು ಓದುವ ಸಭೆಗೂ ಹೋಗಬೇಕೆಂದು ನಾನು ಯಾರಿಗೂ ಹೇಳಲಾರೆ. ಅಂಥಲ್ಲಿ ಬೇರೆ ದಿನ ಟೀಚರನ್ನು ಒಬ್ಬರೇ ಹೋಗಿ ಕಾಣುವುದು ಮೇಲು.

ಈ ಚರ್ಚೆಯಲ್ಲಿ ಯಾರೂ ಕೇಳದಿರುವುದು ಮಕ್ಕಳ ಅಭಿಪ್ರಾಯವನ್ನು. ಮೂರನೆಯ ತರಗತಿಯವರೆಗೆ ಅಮ್ಮ ಬರದಿದ್ದರೆ ಅಳು. ಏಳಕ್ಕೆ ಬರುವಾಗ ಅಮ್ಮ ಬಂದರೆ ಮುಖ ಸಪ್ಪೆ. ನನ್ನ ಮಗಳು ಈ ಸಲ ಷರತ್ತುಗಳನ್ನು ಮೊದಲೇ ಹೇಳಿಬಿಟ್ಟಳು. ಮನೆಯ ವಿಷಯ ಮಾತಾಡಬಾರದು, ಅವಳ ಗೆಳತಿಯರ ಅಮ್ಮಂದಿರ ಹತ್ತಿರ ಅಂಕ ಕೇಳಬಾರದು, ಗೋಳಿಬಜೆಯನ್ನು ಕರವಸ್ತ್ರದಲ್ಲಿ ಕಟ್ಟಿ ತರಬಾರದು. ಕೇಳಬಹುದಾದ ಪ್ರಶ್ನೆಯನ್ನೂ ಅವಳೇ ಕೊಟ್ಟಳು: ಶುಕ್ರವಾರದ ಆಟದ ಪೀರಿಯಡ್ಡನ್ನು ಗಣಿತದ ಸರ್ ತೆಗೆದುಕೊಳ್ಳುವುದು ಯಾವಾಗ ನಿಲ್ಲುತ್ತದೆ? ನನ್ನ ಮೂರು ನಿಮಿಷದಲ್ಲಿ ಅದನ್ನೇ ಕೇಳಿದೆ. ಟೀಚರು ಪಕ್ಕದ ಮೇಜಿನಲ್ಲಿದ್ದ ಗಣಿತದ ಸರ್ ಕಡೆ ನೋಡಿದರು. ಸರ್ ಹಾಜರಿ ಪುಸ್ತಕದ ಪುಟ ತಿರುಗಿಸುತ್ತಾ, "ಮಳೆಗೆ ಮೈದಾನದಲ್ಲಿ ನೀರು ನಿಂತಿದೆಯಲ್ಲ ಮೇಡಂ, ಆಗಸ್ಟಿನಲ್ಲಿ ನೋಡುವ" ಎಂದರು. ನನ್ನ ಹಿಂದಿನ ಬೆಂಚುಗಳಿಂದ ಇಬ್ಬರು ಮೂವರು ತಾಯಂದಿರು ಒಟ್ಟಿಗೇ, ತಮ್ಮ ಮನೆಯಲ್ಲೂ ಇದೇ ಪ್ರಶ್ನೆ ಕೊಟ್ಟು ಕಳುಹಿಸಿದ್ದಾರೆ ಎಂದರು.