ಪಾಠ ಮಾಡುವವರಿಗೂ ಓದಲು ಹೊತ್ತು ಬೇಕು

ನಮ್ಮ ಕಡೆ ಹೈಸ್ಕೂಲ್ ಮೇಷ್ಟ್ರಾಗಬೇಕು ಅಂದರೆ ಮೊದಲು ಬಿ.ಇಡಿ, ಆಮೇಲೆ ಕೆಲಸ. 2015ರಿಂದ ಅದು ಎರಡು ವರ್ಷದ ಓದು. ಅದರಲ್ಲಿ 20 ವಾರ ಶಾಲೆಯಲ್ಲೇ ಇದ್ದು ಕಲಿಯಬೇಕು. ನಾನೀಗ ಇರುವ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ದಾರಿಯೂ ಇದೆ. ಡಿಗ್ರಿ ಇರಬೇಕು, ಕಲಿಸುವ ವಿಷಯ ಗೊತ್ತಿದೆ ಎಂದು ತೋರಿಸಬೇಕು, 120 ಗಂಟೆಗಳ ತರಬೇತಿ ಮೊದಲೇ ಮುಗಿಸಿರಬೇಕು. ಕೆಲಸ ಕೊಡುವ ಶಾಲೆ ಸಿಕ್ಕರೆ ಇಂಟರ್ನ್ ಕ್ರೆಡೆನ್ಷಿಯಲ್, ಅಂದರೆ ಓದುತ್ತಲೇ ಪಾಠ ಮಾಡಲು ಕೊಡುವ ಪರವಾನಗಿ, ಕೈಗೆ ಬರುತ್ತದೆ. ಹಗಲು ಪೂರ್ತಿ ಸಂಬಳದ ಮೇಷ್ಟ್ರು, ಸಂಜೆ ವಿದ್ಯಾರ್ಥಿ. ಸಾಮಾನ್ಯವಾಗಿ ಎರಡು ವರ್ಷ ಹೀಗೇ ನಡೆಯಬೇಕು. ಗಣಿತ ಕಲಿಸುತ್ತಾ ನಾನೂ ಈಗ ಇದೇ ದಾರಿಯಲ್ಲಿದ್ದೇನೆ.

ಈ ಕ್ರಮದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದಿದೆ. ಓದಿದ್ದು ಮಾರನೆಯ ದಿನವೇ ಕೆಲಸಕ್ಕೆ ಬರುತ್ತದೆ. ಮಕ್ಕಳು ಭಿನ್ನರಾಶಿಯಲ್ಲಿ ಎಲ್ಲಿ ಎಡವುತ್ತಾರೆ ಎಂದು ರಾತ್ರಿ ಓದಿರುತ್ತೇನೆ. ಬೆಳಿಗ್ಗೆ ಒಬ್ಬ ಹುಡುಗಿ ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದಿರುತ್ತಾಳೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾಳೆ ಅಷ್ಟೆ. ಸುಮ್ನೆ ಗೀಟು ಹಾಕುವ ಬದಲು, ಅರ್ಧಕ್ಕೆ ಇನ್ನಷ್ಟು ಸೇರಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುತ್ತಾ ಎಂದು ಕೇಳುತ್ತೇನೆ. ಅವಳೇ ಅಳಿಸುತ್ತಾಳೆ. ತರಗತಿ ಇಲ್ಲದೆ ಓದಿದ್ದರೆ ಈ ಪುಟ ನನಗೆ ಇಷ್ಟು ಬೇಗ ದಕ್ಕುತ್ತಿರಲಿಲ್ಲ.

ಕಷ್ಟ ಇರುವುದು ಹೊತ್ತಿನದ್ದು. ನಾಳಿನ ಪಾಠ, ತಿದ್ದಬೇಕಾದ ಹಾಳೆಗಳು, ಅಪ್ಪ ಅಮ್ಮಂದಿರಿಗೆ ಫೋನು. ಇದರ ಜೊತೆಗೆ ಕ್ಯಾಲ್‌ಟಿಪಿಎ ಎಂಬ ಪರೀಕ್ಷೆ. ಅದಕ್ಕೆ ನಮ್ಮದೇ ಪಾಠದ ವಿಡಿಯೋ ಮಾಡಬೇಕು, ಮನೆಯವರ ಒಪ್ಪಿಗೆ ಪಡೆಯಬೇಕು, ಯಾಕೆ ಹಾಗೆ ಕಲಿಸಿದೆ ಎಂದು ಉದ್ದಕ್ಕೆ ಬರೆಯಬೇಕು. ಮುಂದಿನ ವಾರ ಹೇಗೂ ಮಾಡಲೇಬೇಕಾದ ಪಾಠವನ್ನೇ ಕೋರ್ಸಿನ ಕೆಲಸಕ್ಕೂ ಆರಿಸಿಕೊಂಡರೆ ಸ್ವಲ್ಪ ಉಸಿರಾಡಬಹುದು.

ಇಂಟರ್ನ್‌ಗೆ ವರ್ಷಕ್ಕೆ 144 ಗಂಟೆ ಬೆಂಬಲ ಸಿಗಬೇಕು ಎಂದು ಇಲ್ಲಿ ನಿಯಮವೇ ಇದೆ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಪಾಠ ಮಾಡಲು ಬೇಕಾದ ಬೆಂಬಲ ಇನ್ನೂ 45 ಗಂಟೆ. ಇದು ದೊಡ್ಡ ಮಾತು. ಪಾಠ ಮಾಡುತ್ತಲೇ ಓದುವುದು ನಮ್ಮಲ್ಲೂ ಹೊಸದಲ್ಲ, ಅಲ್ವಾ? ಶಿಕ್ಷಣ ಹಕ್ಕು ಕಾಯ್ದೆಯ 2017ರ ತಿದ್ದುಪಡಿ, ತರಬೇತಿ ಇಲ್ಲದ ಶಿಕ್ಷಕರಿಗೆ ಅದನ್ನು ಮುಗಿಸಲು 2019ರ ಮಾರ್ಚ್ 31ರ ಗಡುವು ಕೊಟ್ಟಾಗ ನಮ್ಮ ಅತ್ತಿಗೆ ಕೆಲಸದ ಜೊತೆಗೇ ಡಿ.ಎಲ್.ಇಡಿ, ಅಂದರೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ, ಓದಿದರು. ಆದರೆ ಅವರ ತರಗತಿಗೆ ಬಂದು, ಹಿಂದೆ ಕೂತು ನೋಡಿ, ಆಮೇಲೆ ಮಾತಾಡಿದವರು ಯಾರೂ ಇರಲಿಲ್ಲ. ನನಗೆ ಅಂಥವರು ಇದ್ದಾರೆ. ಆದರೆ ನನ್ನ ಮೆಂಟರ್ ಕೂಡ ದಿನವಿಡೀ ಪಾಠ ಮಾಡುವವರೇ. ಅವರ ಬಿಡುವಿನ ಪೀರಿಯಡ್ ಬಂದಾಗ ನಾನು ತರಗತಿಯಲ್ಲಿರುತ್ತೇನೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಮೊದಲ ವರ್ಷದ ಇಂಟರ್ನ್‌ಗೆ ದಿನಕ್ಕೊಂದು ಪೀರಿಯಡ್ ಕಡಿಮೆ ಮಾಡಿ. ಮೆಂಟರ್ ಬಿಡುವೂ ಅದೇ ಹೊತ್ತಿಗೆ ಇರಲಿ. ಇದಕ್ಕೆ ದುಡ್ಡು ಬೇಕು, ನಿಜ. ಸುಸ್ತಾಗಿ ಬಿಟ್ಟುಹೋದವರ ಜಾಗಕ್ಕೆ ಹೊಸಬರನ್ನು ಹುಡುಕುವುದಕ್ಕೂ ದುಡ್ಡು ಬೇಕು. ಮಧ್ಯದಲ್ಲಿ ಹಾಳಾಗುವುದು ಮಕ್ಕಳ ವರ್ಷ. ನನ್ನ ಹಾಗೆ ಈ ದಾರಿ ಹಿಡಿಯುವ ಕನ್ನಡದವರು ಸಹಿ ಹಾಕುವ ಮುನ್ನವೇ ಶಾಲೆಯವರನ್ನು ಕೇಳಿ: ಮೆಂಟರ್ ಯಾರು, ವಾರದಲ್ಲಿ ಯಾವ ಹೊತ್ತು ಸಿಗುತ್ತಾರೆ? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.