ಒಂದು ಬೈಟ್ ಕೊಡಿ ಸ್ವಾಮಿ

ಕ್ರೀಡಾ ವರದಿಗಾರ ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಮೊದಲನೆಯದು, ‘ಪಾಸ್ ಸಿಗುತ್ತಾ?’ ಸಿಗಲ್ಲ ಅಂದ ಮೇಲೆ, ‘ಹೋಗ್ಲಿ ಬಿಡಿ, ಆ ಸ್ಟಾರು ಹತ್ತಿರದಿಂದ ಹೇಗೆ? ತುಂಬಾ ಕೊಬ್ಬಂತೆ?’ ಹೌದು ಅಂದರೆ ಅವರ ಮುಖ ಅರಳುತ್ತದೆ. ಇಲ್ಲಪ್ಪ, ಒಳ್ಳೆಯವನು ಅಂದರೆ, ಇವನಿಗೆ ಏನೋ ಗಿಫ್ಟ್ ಬಂದಿರಬೇಕು ಅನ್ನುವ ಹಾಗೆ ನೋಡುತ್ತಾರೆ.

ನಿಜ ಹೇಳಬೇಕೆಂದರೆ, ನಮ್ಮ ಹೊಟ್ಟೆ ಹೊರೆಯುವವರು ಕೊಬ್ಬಿರುವವರೇ. ಸಜ್ಜನ ಆಟಗಾರ ಡೆಡ್‌ಲೈನಿನ ಪರಮ ಶತ್ರು. ಬರುತ್ತಾನೆ, ಎಲ್ಲರಿಗೂ ನಮಸ್ಕಾರ ಮಾಡುತ್ತಾನೆ, ‘ಹುಡುಗ್ರು ಚೆನ್ನಾಗಿ ಆಡಿದ್ರು ಸರ್, ಒಂದೊಂದೇ ಮ್ಯಾಚ್ ಅಂತ ನೋಡ್ತಿದ್ದೀವಿ, ಎಲ್ಲಾ ಟೀಮ್ ಎಫರ್ಟ್’ ಅಂತ ಹತ್ತು ನಿಮಿಷ ಮಾತಾಡಿ ಎದ್ದು ಹೋಗುತ್ತಾನೆ. ಎಷ್ಟು ಸಲ ಹಿಂಡಿದರೂ ಒಂದು ಹೆಡ್ಡಿಂಗ್ ಹುಟ್ಟುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಡೆಸ್ಕಿನಿಂದ ಫೋನು: ‘ಲೀಡ್ ಏನ್ರೀ? ಪೇಜ್ ಬಿಡ್ಬೇಕು.’

ಅದೇ ಧೋನಿಯನ್ನು ನೋಡಿ. 2016ರ ಮಾರ್ಚ್ 23ರಂದು ನಮ್ಮ ಚಿನ್ನಸ್ವಾಮಿಯಲ್ಲೇ ಟಿ20 ವಿಶ್ವಕಪ್ ಪಂದ್ಯ. ಬಾಂಗ್ಲಾದೇಶಕ್ಕೆ ಮೂರು ಎಸೆತಕ್ಕೆ ಎರಡು ರನ್ ಬೇಕಿತ್ತು, ಮೂರಕ್ಕೂ ವಿಕೆಟ್ ಬಿತ್ತು. ಕೊನೆಯ ಎಸೆತಕ್ಕೆ ಮೊದಲೇ ಒಂದು ಗ್ಲೌಸ್ ಬಿಚ್ಚಿಟ್ಟುಕೊಂಡಿದ್ದ ಧೋನಿ ಓಡಿಬಂದು ಬೇಲ್ಸ್ ಹಾರಿಸಿದರು. ಒಂದು ರನ್ ಗೆಲುವು, ಊರೆಲ್ಲ ಪಟಾಕಿ. ಪತ್ರಿಕಾಗೋಷ್ಠಿಯಲ್ಲಿ ಒಬ್ಬರು, ದೊಡ್ಡ ಅಂತರದಲ್ಲಿ ಗೆಲ್ಲಬೇಕಿತ್ತಲ್ಲ, ಇದು ತೃಪ್ತಿ ಕೊಟ್ಟಿದೆಯಾ ಎಂಬರ್ಥದಲ್ಲಿ ಕೇಳಿದರು. ಭಾರತ ಗೆದ್ದದ್ದು ನಿಮಗೆ ಖುಷಿಯಿಲ್ಲ, ಅದು ನಿಮ್ಮ ದನಿಯಲ್ಲೇ ಗೊತ್ತಾಗ್ತಿದೆ ಅಂತ ಧೋನಿ ಅಲ್ಲೇ ಬೆಂಡೆತ್ತಿದರು. ಅವತ್ತು ಹೆಡ್ಡಿಂಗಿಗೆ ಯಾರೂ ತಲೆ ಕೆರೆದುಕೊಂಡಿರಲಿಕ್ಕಿಲ್ಲ.

ಎಂಟು ದಿನ ಕಳೆದು ವಾಂಖೆಡೆಯಲ್ಲಿ ಸೆಮಿಫೈನಲ್ ಸೋತಾಗ ಆಸ್ಟ್ರೇಲಿಯಾದ ಪತ್ರಕರ್ತರೊಬ್ಬರು ನಿವೃತ್ತಿಯ ಬಗ್ಗೆ ಕೇಳಿದರು. ಧೋನಿ ಅವರನ್ನು ವೇದಿಕೆಗೇ ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಹೆಗಲ ಮೇಲೆ ಕೈಹಾಕಿ, ನಾನು ಓಡೋದು ನೋಡಿದ್ರೆ ಅನ್‌ಫಿಟ್ ಅನ್ಸುತ್ತಾ ಅಂತ ತಾವೇ ಸಂದರ್ಶನ ಶುರು ಮಾಡಿದರು. ಭಾರತದವರು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು, ನಿಮ್ಮ ಮಗನೋ ತಮ್ಮನೋ ಕೀಪರ್ ಇದ್ದಾನಾ ಅಂತ ಕೇಳಬಹುದಿತ್ತು ಅಂತಲೂ ಸೇರಿಸಿದರು. ಇದು ಒರಟುತನವೋ ತಮಾಷೆಯೋ? ನನ್ನ ಪ್ರಕಾರ ಎರಡೂ. ನಮ್ಮ ವರದಿಗೆ ಮಾತ್ರ ಬಂಗಾರ.

ಮಿಥಾಲಿ ರಾಜ್ ಕೊಟ್ಟದ್ದು ಇನ್ನೂ ಚುರುಕು. 2017ರ ವಿಶ್ವಕಪ್ ಶುರುವಾಗುವ ಮುನ್ನ, ಪುರುಷ ಕ್ರಿಕೆಟಿಗರಲ್ಲಿ ನಿಮಗ್ಯಾರು ಇಷ್ಟ ಅಂತ ಕೇಳಿದವರಿಗೆ, ಅವರನ್ನು ಯಾವತ್ತಾದರೂ ಹೀಗೆ ನಿಮ್ಮ ಮೆಚ್ಚಿನ ಮಹಿಳಾ ಕ್ರಿಕೆಟರ್ ಯಾರು ಅಂತ ಕೇಳಿದ್ದೀರಾ ಎಂದು ತಿರುಗಿಸಿ ಕೊಟ್ಟರು. ಇದನ್ನು ಒರಟು ಅನ್ನುವವರ ಜೊತೆ ನಾನು ಕಾಫಿ ಕುಡಿಯುವುದಿಲ್ಲ.

ಅಮೆರಿಕದವರು ನಮಗಿಂತ ಮುಂದೆ. ಅಲ್ಲಿನ ಫುಟ್‌ಬಾಲ್ ಲೀಗಿನಲ್ಲಿ ಆಟಗಾರ ಮಾಧ್ಯಮದ ಮುಂದೆ ಕೂರಲೇಬೇಕು, ಇಲ್ಲದಿದ್ದರೆ ದಂಡ. ಆ ಲೀಗಿನ ಫೈನಲ್ಲಾದ ಸೂಪರ್ ಬೌಲ್‌ಗೆ ಮೊದಲು, 2015ರಲ್ಲಿ, ಆಟಗಾರ ಮಾರ್ಶಾನ್ ಲಿಂಚ್ ಬಂದು ಕೂತರು. ದಂಡ ಬೀಳಬಾರದು ಅಂತ ಬಂದಿದ್ದೀನಿ ಅಂದರು. ಏನು ಕೇಳಿದರೂ ಅದನ್ನೇ ಅಂದರು. ಟೈಮ್ ಮುಗಿಯಿತು, ಎದ್ದು ಹೋದರು. ಆ ಮಟ್ಟದ ಪ್ರಾಮಾಣಿಕತೆ ನಮ್ಮವರಿಗೆ ಇನ್ನೂ ಬಂದಿಲ್ಲ.

ನನ್ನ ಪಾಲಿಗೆ ಬಂದವನು ಬೇರೆ ಜಾತಿ. ಹೆಸರು ಬೇಡ. ತಲೆಗೂದಲಿನ ಎಣ್ಣೆಯೊಂದರ ಪ್ರಚಾರಕ್ಕೆ ಹೋಟೆಲಿನಲ್ಲಿ ಕಾರ್ಯಕ್ರಮ. ನಾಲ್ಕಕ್ಕೆ ಅಂದವನು ಬಂದಾಗ ಸಮೋಸಾ ತಣ್ಣಗಾಗಿ ಏಳು ದಾಟಿತ್ತು. ಪಿಆರ್ ಹುಡುಗಿ ಮೊದಲೇ ಎಚ್ಚರಿಸಿದ್ದಳು: ‘ಸರ್, ಕ್ರಿಕೆಟ್ ಬಗ್ಗೆ ಕೇಳ್ಬೇಡಿ, ಎಣ್ಣೆ ಬಗ್ಗೆ ಮಾತ್ರ.’ ಮಹಾಶಯ ಕೂತ, ಮೊಬೈಲ್ ತೆಗೆದ, ಕ್ಯಾಪ್ ತೆಗೆದ. ತಲೆ ನುಣ್ಣಗೆ ಬೋಳು! ಆ ವಾರವಷ್ಟೇ ಹೊಸ ಸ್ಟೈಲು ಅಂತ ಬೋಳಿಸಿಕೊಂಡಿದ್ದನಂತೆ. ಎಣ್ಣೆ ಬಗ್ಗೆ ಮಾತ್ರ ಕೇಳಿ ಅಂದಿದ್ದರಲ್ಲ, ಕೇಳಿದೆ: ‘ಸರ್, ದಿನಾ ಎಲ್ಲಿಗೆ ಹಚ್ಕೋತೀರಾ?’ ಮೊಬೈಲಿನಿಂದ ಮೊದಲ ಬಾರಿ ತಲೆ ಎತ್ತಿದ. ಒಮ್ಮೆ ನನ್ನನ್ನು, ಒಮ್ಮೆ ಆ ಹುಡುಗಿಯನ್ನು ನೋಡಿ ಎದ್ದು ನಡೆದ. ಹಿಂದಿನಿಂದ ಫೋಟೋಗ್ರಾಫರ್, ‘ಫೋಟೋ ಆಗೋವರೆಗಾದ್ರೂ ತಡ್ಕೋಬಾರ್ದಾ ಗುರುವೇ!’

ಇನ್ನೊಂದು ಕಡೆ ಕಂಠೀರವದಲ್ಲಿ ಕಂಡ ಆ ಹುಡುಗಿ. ನಾನೂರು ಮೀಟರ್ ಓಡಿ ಗೆರೆ ದಾಟಿದವಳೇ ಟ್ರ್ಯಾಕ್ ಮೇಲೆ ಬಿದ್ದಳು. ಆ ಓಟ ಮುಗಿಸಿದವರ ಕಾಲು ಕಲ್ಲಾಗಿರುತ್ತದೆ, ಹೊಟ್ಟೆ ತೊಳಸುತ್ತಿರುತ್ತದೆ. ಅಷ್ಟರಲ್ಲಿ ಟಿವಿಯ ಹುಡುಗನೊಬ್ಬ ಓಡಿಹೋಗಿ ಲೋಗೋ ಇರುವ ಮೈಕನ್ನು ಬಾಯಿಗೆ ಹಿಡಿದು, ನಮ್ಮ ವೃತ್ತಿಯ ಗಾಯತ್ರಿ ಮಂತ್ರವನ್ನು ಉಚ್ಚರಿಸಿದ: ‘ಹೇಗನ್ನಿಸ್ತಿದೆ?’ ಹೇಗನ್ನಿಸುತ್ತಿದೆ ಅನ್ನುವುದು ಮರುಕ್ಷಣವೇ ಅವನ ಶೂ ಮೇಲೆ ಬಿತ್ತು. ಆಕೆ ಬಾಟಲಿ ತರಿಸಿ ಬಾಯಿ ಮುಕ್ಕಳಿಸಿ, ಅದೇ ನೀರಲ್ಲಿ ಅವನ ಶೂ ತೊಳೆಯಲು ಬಗ್ಗಿದಳು. ಅವನು ಗಾಬರಿಯಾಗಿ ಹಿಂದೆ ಸರಿದ. ‘ಸಾರಿ ಅಣ್ಣ, ಮೈಕ್‌ಗೇನೂ ಆಗಿಲ್ಲ ತಾನೆ? ಈಗ ಕೇಳಿ’ ಅಂದಳು. ಕೇಳಲು ಅವನ ಹತ್ತಿರ ಬೇರೆ ಪ್ರಶ್ನೆ ಇರಲಿಲ್ಲ.

ಸಜ್ಜನರಿಂದ ಹೆಡ್ಡಿಂಗ್ ಹುಟ್ಟಲ್ಲ ಅಂದೆನಲ್ಲ, ಅದಕ್ಕೆ ಅನಿಲ್ ಕುಂಬ್ಳೆ ದೊಡ್ಡ ಅಪವಾದ. ಆಸ್ಟ್ರೇಲಿಯಾ ಎದುರು ವಿವಾದಗಳ ನಡುವೆ ಸೋತ 2008ರ ಸಿಡ್ನಿ ಟೆಸ್ಟ್ ಆದ ಮೇಲೆ ಕೂಗಲಿಲ್ಲ, ಮೇಜು ಗುದ್ದಲಿಲ್ಲ. ಕ್ರೀಡಾಸ್ಫೂರ್ತಿಯಿಂದ ಆಡಿದ್ದು ಒಂದೇ ತಂಡ ಅಂದರು. ಒಂದೇ ವಾಕ್ಯ, ಎರಡು ದೇಶದ ಪತ್ರಿಕೆಗಳಿಗೆ ಸಾಕಾಯಿತು.

ಇನ್ನೊಂದು ಅಪವಾದ ನನ್ನ ಕಣ್ಣೆದುರೇ ನಡೆಯಿತು. ರಣಜಿ ಪಂದ್ಯವೊಂದರ ದಿನದಾಟ ಮುಗಿದು, ಐದು ವಿಕೆಟ್ ತೆಗೆದ ಹುಡುಗ ಮಾತಿಗೆ ಬಂದ. ಮೇಜಿನ ಮೇಲೆ ನಮ್ಮೆಲ್ಲರ ಮೊಬೈಲು ರೆಕಾರ್ಡಿಂಗಿಗೆ ಸಾಲಾಗಿ ಮಲಗಿದ್ದವು. ರಿವರ್ಸ್ ಸ್ವಿಂಗಿನ ಗುಟ್ಟು ಬಿಚ್ಚುತ್ತಿದ್ದಾಗ ಒಂದು ಫೋನು ಬಡಕೊಂಡಿತು. ಪರದೆ ಮೇಲೆ ‘ಅಮ್ಮ’. ಅದರ ಒಡೆಯ, ನನ್ನ ಗೆಳೆಯ, ಹಿಂದಿನ ಸಾಲಿನಲ್ಲಿ ಕುರ್ಚಿಗಳ ನಡುವೆ ಸಿಕ್ಕಿಕೊಂಡಿದ್ದ. ಬೌಲರ್ ತಾನೇ ಎತ್ತಿ ಸ್ಪೀಕರಿಗೆ ಹಾಕಿದ.

‘ಅಮ್ಮಾ, ಅವ್ರು ಕೆಲಸದಲ್ಲಿದ್ದಾರೆ. ಆಮೇಲೆ ಮಾಡ್ತಾರೆ.’

‘ನೀನ್ಯಾರಪ್ಪ?’

‘ನಾನು ಬೌಲರ್ ಅಮ್ಮ.’

‘ಹೌದಾ? ಯಾವ ಪೇಪರು?’

ಹುಡುಗ ನಗು ತಡೆದುಕೊಂಡು, ‘ಕರ್ನಾಟಕ ಅಮ್ಮ’ ಅಂದ. ‘ಸರಿ ಕಣಪ್ಪ, ಬರ್ತಾ ಅರ್ಧ ಕೆಜಿ ಹುರುಳಿಕಾಯಿ ತರೋಕೆ ಹೇಳು. ನಿಂದು ಊಟ ಆಯ್ತಾ?’

ಮರುದಿನ ಎಲ್ಲ ಪತ್ರಿಕೆಗಳಲ್ಲೂ ಹುರುಳಿಕಾಯಿ ಬಂತು, ರಿವರ್ಸ್ ಸ್ವಿಂಗ್ ಜಾಗವಿಲ್ಲದೆ ಕತ್ತರಿ ಪಾಲಾಯಿತು. ಗೆಳೆಯನ ತಾಯಿ ಮಾತ್ರ ಇದನ್ನು ನಂಬಲು ಈಗಲೂ ತಯಾರಿಲ್ಲ. ‘ಆ ಇನ್ನೊಂದು ಪೇಪರಿನ ಹುಡುಗ ಎಷ್ಟು ಮರ್ಯಾದೆಯಿಂದ ಮಾತಾಡ್ದ! ನೀನೂ ಇದ್ದೀಯ, ಫೋನ್ ಎತ್ತಿದ್ರೆ ಉರಿದು ಬೀಳ್ತೀಯ’ ಅಂತ ಬೈಯುತ್ತಲೇ ಇದ್ದಾರೆ.